ಟೈರು ಕೋಣೆಯ ಮಳೆಗಾಲ

ಕಳೆದ ವಾರ ಮಗಳ ಸ್ಕೂಟರಿಗೆ ಟೈರು ಹಾಕಿಸಲು ದಟ್ಟಗಳ್ಳಿಯಲ್ಲಿ ನಮ್ಮ ಮನೆಗೆ ಹತ್ತಿರದ ಅಂಗಡಿಗೆ ಹೋಗಿದ್ದೆ. ಮಳೆ ಆಗಷ್ಟೇ ನಿಂತಿತ್ತು. ಅಂಗಡಿಯವನು ಒಳಗಿನಿಂದ ಹೊಸ ಟೈರು ತಂದು ಅದಕ್ಕೆ ಸುತ್ತಿದ್ದ ಪ್ಲಾಸ್ಟಿಕ್ ಪಟ್ಟಿಯನ್ನು ಸರ್ರನೆ ಬಿಚ್ಚಿದ. ರಬ್ಬರಿನ ವಾಸನೆ ಮೂಗಿಗೆ ಬಡಿಯಿತು ನೋಡಿ, ತೊಡೆಯ ಮೇಲೆ ಸುಮ್ಮನಿದ್ದ ನನ್ನ ಬೆರಳುಗಳು ತಾವಾಗಿಯೇ ಆಡತೊಡಗಿದವು. ಕದ, ಜಲ, ಗಜ, ಕಲಹ.

"ಯಾಕ್ ಸಾರ್, ಕೈ ನಡುಗ್ತಾ ಐತಲ್ಲ? ಟೀ ತರಿಸ್ಲಾ?" ಎಂದ ಅಂಗಡಿಯವನು.

"ನಡುಕ ಅಲ್ಲಪ್ಪ, ಟೈಪಿಂಗು" ಎಂದೆ. ಅವನಿಗೆ ತಲೆಬುಡ ತಿಳಿಯಲಿಲ್ಲ. ಟೀ ಮಾತ್ರ ತರಿಸಿದ.

ನಾನು ಸಿಟಿ ಬಸ್ ಓಡಿಸುತ್ತಿದ್ದವನು. ಹೆಸರು ಗುರುಮಲ್ಲಪ್ಪ. ಇಪ್ಪತ್ತು ವರ್ಷಕ್ಕೂ ಮೇಲೆ ಮೈಸೂರಿನ ಬೀದಿಗಳಲ್ಲಿ ಸ್ಟೀರಿಂಗ್ ಹಿಡಿದು ಸುತ್ತಿದ್ದೇನೆ. ಕುವೆಂಪುನಗರದ ತಿರುವುಗಳಲ್ಲಿ ಎಲ್ಲೆಲ್ಲಿಂದಲೋ ನುಗ್ಗುವ ಸ್ಕೂಟರುಗಳಿಗೆ ದಾರಿ ಬಿಟ್ಟು ಬಿಟ್ಟು ನನ್ನ ಕತ್ತೇ ಒಂದು ಕಡೆ ವಾಲಿದೆ ಎಂದು ಹೆಂಡತಿ ಮಂಗಳ ಹಾಸ್ಯ ಮಾಡುತ್ತಾಳೆ. ಹಾಗೆ ಸುತ್ತುತ್ತಿದ್ದವನನ್ನು ಒಂದು ಮಳೆಗಾಲ ಹಿಡಿದು ಒಂದು ಕೋಣೆಯಲ್ಲಿ ಕೂರಿಸಿತು. ಎದ್ದು ಹೋಗಲು ನನಗೆ ಯಾರೂ ಅಡ್ಡ ಬಂದಿರಲಿಲ್ಲ. ಆದರೂ ಅಷ್ಟು ಬಿಗಿಯಾಗಿ ನನ್ನನ್ನು ಯಾರೂ ಎಲ್ಲಿಯೂ ಕಟ್ಟಿಹಾಕಿರಲಿಲ್ಲ.

ಶುರುವಾದದ್ದು ಡ್ರೈವರುಗಳಿಗೆ ಆಗಾಗ ಮಾಡಿಸುವ ಕಣ್ಣಿನ ತಪಾಸಣೆಯಿಂದ. ಬೋರ್ಡಿನ ಮೇಲಿನ ಅಕ್ಷರಗಳನ್ನೆಲ್ಲ ಕೊನೆಯ ಸಾಲಿನವರೆಗೂ ಪಟಪಟ ಓದಿದೆ. ಡಾಕ್ಟರು ಮೆಚ್ಚಿಕೊಳ್ಳುತ್ತಾರೆ ಅಂದುಕೊಂಡರೆ, ಇನ್ನೊಂದು ಯಂತ್ರದ ಮುಂದೆ ಕೂರಿಸಿದರು. ದೊಡ್ಡ ಬಿಳಿ ಬೋಗುಣಿಯೊಳಗೆ ಮುಖ ಇಟ್ಟು ನಡುವಿನ ಚುಕ್ಕಿಯನ್ನೇ ನೋಡುತ್ತಿರಬೇಕು. ಪಕ್ಕದಲ್ಲೆಲ್ಲಾದರೂ ಸಣ್ಣ ಬೆಳಕು ಮಿನುಗಿದರೆ ಕೈಯಲ್ಲಿರುವ ಗುಂಡಿ ಒತ್ತಬೇಕು. ಮುಗಿದ ಮೇಲೆ ಡಾಕ್ಟರು, "ಎದುರಿಗಿರೋದು ನಿಮಗೆ ಚೆನ್ನಾಗೇ ಕಾಣುತ್ತೆ. ಪಕ್ಕದ ನೋಟ ಕಡಿಮೆಯಾಗಿದೆ, ಅದರಲ್ಲೂ ಎಡಗಡೆ. ಕಣ್ಣಿನ ಒತ್ತಡಕ್ಕೆ ಹನಿ ಬರೆದುಕೊಡ್ತೀನಿ, ದಸರಾ ಹೊತ್ತಿಗೆ ಇನ್ನೊಮ್ಮೆ ನೋಡೋಣ. ಅಲ್ಲಿವರೆಗೆ ಬಸ್ ಮುಟ್ಟಬೇಡಿ" ಎಂದರು.

ನಾನು ನಂಬಲಿಲ್ಲ. ಕೊನೆಯ ಸಾಲಿನ ಅಕ್ಷರ ಓದಿದವನಿಗೆ ಕಣ್ಣಿಲ್ಲ ಅನ್ನುವುದೆಂದರೇನು? ಯಂತ್ರ ಕೆಟ್ಟಿರಬೇಕು ಎಂದು ಮನೆಯಲ್ಲಿ ಕೂಗಾಡಿದೆ.

ಡಿಪೋದಲ್ಲಿ ನನಗೆ ಲೈಟ್ ಡ್ಯೂಟಿ ಹಾಕಿದರು. ಅಂದರೆ ಆಫೀಸಿನಲ್ಲಿ ಕೂತು ಮಾಡುವ ಕೆಲಸ. ಮ್ಯಾನೇಜರು ಒಳ್ಳೆಯ ಮನುಷ್ಯ, ಎಲ್ಲವನ್ನೂ ಬಿಡಿಸಿ ಹೇಳಿದರು. ದಸರಾ ಹೊತ್ತಿಗೆ ಕಣ್ಣು ಸರಿಹೋದರೆ ಮತ್ತೆ ಸ್ಟೀರಿಂಗ್. ಇಲ್ಲವಾದರೆ ಕಂಪ್ಯೂಟರಿನಲ್ಲಿ ಕನ್ನಡ ಟೈಪಿಂಗ್ ಪರೀಕ್ಷೆ ಪಾಸು ಮಾಡಿ ಆಫೀಸಿನ ಹುದ್ದೆಗೆ ಹೋಗಬಹುದು, ಸಂಬಳ ಹೋಗುವುದಿಲ್ಲ. ಎರಡೂ ಆಗದಿದ್ದರೆ ಮನೆ. "ಕಲಿತುಬಿಡಿ, ಒಂದು ದಾರಿ ಇರಲಿ" ಎಂದರು.

ನನ್ನ ತಲೆ ಬೇರೆ ಲೆಕ್ಕ ಹಾಕಿತು. ಚೆನ್ನಾಗಿ ಟೈಪ್ ಮಾಡುವವನನ್ನು ಯಾರು ಮತ್ತೆ ಬಸ್ಸಿಗೆ ಕಳಿಸುತ್ತಾರೆ? ಕಲಿತರೆ ಇಲ್ಲೇ ಸಿಕ್ಕಿಬಿದ್ದೆ, ಕಲಿಯದಿದ್ದರೆ ಮನೆಯಲ್ಲಿ ಬಿದ್ದೆ. ಆದ್ದರಿಂದ ಕಲಿಯುವಂತೆ ಕಾಣಿಸಿಕೊಂಡು, ಕಲಿಯದೆ, ದಸರಾದವರೆಗೆ ದಿನ ತಳ್ಳುವುದು ಎಂದು ತೀರ್ಮಾನಿಸಿದೆ.

ನಮ್ಮ ಕಂಪ್ಯೂಟರ್ ಕೋಣೆ ಹಿಂದೆ ಟೈರುಗಳ ಸ್ಟೋರಾಗಿತ್ತು. ಟೈರು ಹೋಗಿದ್ದವು, ವಾಸನೆ ಹೋಗಿರಲಿಲ್ಲ. ಕಳ್ಳರ ಭಯಕ್ಕೆ ಕಿಟಕಿಗೆ ಹೊಡೆದಿದ್ದ ದಪ್ಪ ಜಾಲರಿಯೂ ಹಾಗೇ ಇತ್ತು. ಆ ಕಿಟಕಿಯಿಂದ ಕಾಣುತ್ತಿದ್ದದ್ದು ಒಂದೇ, ಡಿಪೋ ಗೇಟು. ಬೆಳಗಿನಿಂದ ಸಂಜೆಯವರೆಗೆ ನಾನಿಲ್ಲದ ಬಸ್ಸುಗಳು ಆ ಗೇಟಿನಿಂದ ಹೊರಗೆ ಹೋಗುತ್ತಿದ್ದವು. ಕೋಣೆಯಲ್ಲಿ ಎರಡು ಕಂಪ್ಯೂಟರು. ಎಡಗಡೆಯದು ಶೈಲಜಾ ಮೇಡಂ ಅವರದು, ಬಲಗಡೆಯದು ನನ್ನದು. ಮೇಡಂ ಆಫೀಸಿನ ಪತ್ರವ್ಯವಹಾರವನ್ನೆಲ್ಲ ಒಬ್ಬರೇ ಎಳೆಯುತ್ತಿದ್ದವರು. ಅದರ ಜೊತೆಗೆ ನನ್ನನ್ನೂ ಅವರ ತಲೆಗೆ ಕಟ್ಟಿದ್ದರು.

ಮೊದಲ ದಿನ ಮೌಸನ್ನು ಕೈಗೆ ಕೊಟ್ಟು, "ಬಾಣದ ಗುರುತನ್ನ ಎಡಕ್ಕೆ ತಗೊಂಡು ಹೋಗಿ" ಎಂದರು. ನಾನು ಮೌಸನ್ನು ಹಿಡಿದು ಇದ್ದಲ್ಲೇ ಎಡಕ್ಕೆ ತಿರುಗಿಸಿದೆ. ಬಾಣ ಅಲ್ಲಾಡಲಿಲ್ಲ. ಇನ್ನೂ ತಿರುಗಿಸಿದೆ, ವೈರು ನನ್ನ ಮಣಿಕಟ್ಟಿಗೆ ಸುತ್ತಿಕೊಂಡಿತು.

"ತಿರುಗಿಸೋದಲ್ಲ ಕಣ್ರೀ, ಸರಿಸೋದು!" ಎಂದು ಮೇಡಂ ಬಾಯಿಗೆ ಸೆರಗು ಅಡ್ಡ ಇಟ್ಟುಕೊಂಡು ನಕ್ಕರು. ನನಗೆ ನಗು ಬರಲಿಲ್ಲ. ಮಗಳ ವಯಸ್ಸಿಗಿಂತ ಸ್ವಲ್ಪ ಹೆಚ್ಚಿನವರ ಎದುರು ಹೀಗೆ ಕೂರಬೇಕಾಯಿತಲ್ಲ ಎಂದು ಮೈ ಉರಿಯಿತು.

ಆಮೇಲೆ ಬೆರಳು ಇಡುವ ಪಾಠ. ಎಫ್ ಮತ್ತು ಜೆ ಕೀಗಳ ಮೇಲೆ ಉಗುರಿಗೆ ತಾಗುವ ಸಣ್ಣ ಗೀರು ಇರುತ್ತದೆ. ಎರಡು ತೋರುಬೆರಳು ಅಲ್ಲಿ ಕೂತರೆ ಉಳಿದವು ತಮ್ಮ ಜಾಗ ಹಿಡಿಯುತ್ತವೆ. ಆ ನಡುಸಾಲಿನ ಅಕ್ಷರಗಳಿಂದಲೇ ಆಗುವ ಪದಗಳನ್ನು ಮೇಡಂ ಕೊಟ್ಟಿದ್ದರು. ಕದ, ಜಲ, ಗಜ, ಕಲಹ, ಸಹಜ. ವಾರಗಟ್ಟಲೆ ಅದೇ. ಹೊರಗೆ ಮಳೆ ಜಡಿಯುತ್ತಿತ್ತು, ಶೀಟಿನ ಮಾಡು ಕಿವುಡಾಗುವಷ್ಟು ಸದ್ದು ಮಾಡುತ್ತಿತ್ತು, ನಾನು ಕದ ಕದ ಕದ ಎಂದು ಒತ್ತುತ್ತಿದ್ದೆ. ಡ್ರೈವರೂ ದಿನವಿಡೀ ಕೂತೇ ಇರುತ್ತಾನೆ, ನಿಜ. ಆದರೆ ಅವನು ಕೂತ ಜಾಗ ಊರೆಲ್ಲ ಸುತ್ತಿ ಬರುತ್ತದೆ. ಈ ಕುರ್ಚಿ ಇದ್ದಲ್ಲೇ ಇರುತ್ತಿತ್ತು.

ಒತ್ತಕ್ಷರ ಬೇಕಾದಾಗ ಎರಡು ಅಕ್ಷರಗಳ ನಡುವೆ ಎಫ್ ಒತ್ತಬೇಕು ಎಂದು ಹೇಳಿಕೊಟ್ಟಾಗ ಮಾತ್ರ ನನಗೆ ಸ್ವಲ್ಪ ಆಸಕ್ತಿ ಹುಟ್ಟಿತು.

"ಕ್ಲಚ್ ಅನ್ನಿ ಮೇಡಂ" ಎಂದೆ.

"ಏನಾದ್ರೂ ಅನ್ಕೊಳ್ಳಿ. ಕೈ ಮಾತ್ರ ನೋಡ್ಬೇಡಿ. ಗೇರ್ ಹಾಕೋವಾಗ ಬಗ್ಗಿ ನೋಡ್ತಿದ್ರಾ?"

ಆ ಮಾತು ನಾಟಿತು. ಆದರೆ ಅದರಿಂದ ಹೊಸ ಕಾಟ ಶುರುವಾಯಿತು. ಎಫ್ ಒತ್ತಿದಾಗಲೆಲ್ಲ ಮೇಜಿನ ಕೆಳಗೆ ನನ್ನ ಎಡಗಾಲೂ ನೆಲ ಒತ್ತುತ್ತಿತ್ತು. ತಪ್ಪಾದರೆ ಬಲಗಾಲು ಬ್ರೇಕ್ ಹುಡುಕುತ್ತಿತ್ತು. ಬೆಟ್ಟ, ಅಣ್ಣ, ತಮ್ಮ ಎಂದು ಒಂದು ಪುಟ ಮುಗಿಸುವಷ್ಟರಲ್ಲಿ ಕಾಲು ಸೋತುಹೋಗುತ್ತಿತ್ತು.

ಸಿದ್ದರಾಜು ಎಂಬವನು ನನ್ನ ಬಸ್ಸಿನ ಕಂಡಕ್ಟರ್. ನಂಜನಗೂಡಿನ ಕಡೆಯವನು. ಎಷ್ಟೋ ವರ್ಷ ನಾವಿಬ್ಬರೂ ಒಂದೇ ಬಸ್ಸಿನಲ್ಲಿ ದುಡಿದವರು. ಹಿಂದಿನ ಬಾಗಿಲಿನಿಂದ ಅವನು "ರೈಟ್" ಎಂದರೆ ನನ್ನ ಕಾಲು ಕ್ಲಚ್ ಬಿಡುತ್ತಿತ್ತು. ಈಗ ಅವನನ್ನು ಬೇರೆ ಡ್ರೈವರ್ ಜೊತೆ ಹಾಕಿದ್ದರು. ಟ್ರಿಪ್ ಮುಗಿಸಿ ಡಿಪೋಗೆ ಬಂದಾಗಲೆಲ್ಲ ಕಿಟಕಿಯ ಜಾಲರಿಗೆ ಮೂಗು ಒತ್ತಿ ಕೂಗುತ್ತಿದ್ದ.

"ಏನಣ್ಣ, ಎಂಗೈತೆ ಕಂಪ್ಯೂಟ್ರು? ಮೈಲೇಜ್ ಕೊಡ್ತದಾ?"

ಅವನು ಬಂದು ನಿಲ್ಲುತ್ತಿದ್ದದ್ದು ಕಿಟಕಿಯ ಎಡಬದಿಯಲ್ಲಿ. ಪ್ರತಿ ಸಲವೂ ಅವನ ದನಿ ಕೇಳಿ ಬೆಚ್ಚಿಬೀಳುತ್ತಿದ್ದೆ. ಕೆಲಸದಲ್ಲಿ ಮುಳುಗಿದ್ದೆ, ಅದಕ್ಕೇ ಎಂದು ನನಗೆ ನಾನೇ ಸಮಾಧಾನ ಹೇಳಿಕೊಳ್ಳುತ್ತಿದ್ದೆ.

"ಅಣ್ಣ, ಆ ಬೋಗುಣಿ ಟೆಸ್ಟಿಗೆ ತಲೆ ಕೆಡಿಸ್ಕಬ್ಯಾಡ" ಎಂದು ಒಂದು ದಿನ ಗುಟ್ಟಾಗಿ ಹೇಳಿದ. "ಬೆಳಕು ಕಂಡ್ರೂ ಒತ್ತು, ಕಾಣ್ದಿದ್ರೂ ಒಂದೊಂದು ಸಲ ಒತ್ತಿಬುಡು. ಮಿಷನ್ನಿಗೇನ್ ಗೊತ್ತಾಯ್ತದೆ? ದಸರಾಕ್ಕೆ ನಾವಿಬ್ರೇ ಬನ್ನಿಮಂಟಪಕ್ಕೆ ಸ್ಪೆಷಲ್ ತಗಂಡ್ ಹೋಗದು."

ಆ ಉಪಾಯವನ್ನು ಎದೆಯಲ್ಲಿಟ್ಟುಕೊಂಡೇ ನಾನು ಆ ಮಳೆಗಾಲ ಕಳೆದೆ. ಪಂಜಿನ ಕವಾಯತಿನ ಸಂಜೆ ಬನ್ನಿಮಂಟಪಕ್ಕೆ ಸ್ಪೆಷಲ್ ಬಸ್ ಓಡಿಸುವುದು ನನ್ನ ಪಾಲಿಗೆ ವರ್ಷದ ಹಬ್ಬ. ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡು ಮೆಟ್ಟಿಲಲ್ಲಿ ಜೋತಾಡುವ ಜನ, ದಾರಿಯುದ್ದ ದೀಪ. ನನಗೆ ಆ ಗಲಾಟೆಯೇ ಬೇಕಿತ್ತು.

ಮನೆಯಲ್ಲಿ ಇದನ್ನು ಬಾಯಿಬಿಟ್ಟು ಹೇಳುವಂತಿರಲಿಲ್ಲ. ಮಂಗಳ ಹಳೆಯ ಲಗ್ನಪತ್ರಿಕೆಯ ರಟ್ಟಿನ ಹಿಂದೆ ಕೀಬೋರ್ಡಿನ ಮನೆಗಳನ್ನು ಬರೆದು, ಮಗಳಿಂದ ಅಕ್ಷರ ತುಂಬಿಸಿ, ಊಟದ ನಂತರ ನನ್ನ ಮುಂದಿಡುತ್ತಿದ್ದಳು. "ಬಿಸಿಲಿಲ್ಲ, ಹೊಗೆ ಇಲ್ಲ, ಫ್ಯಾನ್ ಕೆಳಗೆ ಕೆಲಸ. ಪುಣ್ಯ ಮಾಡಿದ್ರಿ ಕಣ್ರೀ" ಎನ್ನುತ್ತಿದ್ದಳು. ನೆಂಟರೂ ಅದನ್ನೇ ಹೇಳುತ್ತಿದ್ದರು. ಎಲ್ಲರೂ ಸೇರಿ ಅದೃಷ್ಟವಂತ ಅನ್ನುವಾಗ ಉಸಿರುಗಟ್ಟುತ್ತಿದೆ ಎಂದು ಯಾರ ಹತ್ತಿರ ಹೇಳುವುದು? ಒಂದು ದಿನ ತಡೆಯಲಾರದೆ ಆ ರಟ್ಟನ್ನು ಪಕ್ಕಕ್ಕೆ ಎಸೆದೆ. ಅವಳು ಬೈಯಲಿಲ್ಲ. ಎತ್ತಿಕೊಂಡು ಒರೆಸುತ್ತಾ, "ಇಷ್ಟು ವರ್ಷ ನೀವು ಮನೆಗೆ ಬರೋವರೆಗೂ ಜೀವ ಕೈಲಿ ಹಿಡ್ಕೊಂಡಿರ್ತಿದ್ದೆ. ಒಂದು ದಿನಾನೂ ಹೇಳಿರ್ಲಿಲ್ಲ, ಅಷ್ಟೆ" ಎಂದಳು. ರಟ್ಟನ್ನು ಅವಳ ಕೈಯಿಂದ ತೆಗೆದುಕೊಂಡು ಮತ್ತೆ ಮುಂದಿಟ್ಟುಕೊಂಡೆ. ಅವಳನ್ನು ನಾನು ಒಂದೇ ಒಂದು ವಿಷಯದಲ್ಲಿ ಬಗ್ಗಿಸಿದ್ದೆ. ಆಫೀಸಿಗೆ ಖಾಕಿ ಬೇಕಿಲ್ಲದಿದ್ದರೂ ದಿನಾ ಖಾಕಿಯನ್ನೇ ಇಸ್ತ್ರಿ ಮಾಡಿಸಿಕೊಂಡು ಹಾಕಿಕೊಂಡು ಹೋಗುತ್ತಿದ್ದೆ.

ಡ್ರೈವರುಗಳಿಗೆ ಒಂದು ಅಭ್ಯಾಸವಿದೆ. ದಿನದ ಕೊನೆಗೆ ಬಸ್ಸನ್ನು ಡಿಪೋದಲ್ಲಿ ನಿಲ್ಲಿಸಿದ ಮೇಲೆ ಬ್ಯಾಟರಿಯ ಮೇನ್ ಸ್ವಿಚ್ ಆರಿಸದೆ ಇಳಿಯುವುದಿಲ್ಲ. ಎಲ್ಲೋ ಒಂದು ವೈರು ಬಿಸಿಯಾಗಿ ಬೆಂಕಿ ಹತ್ತಿಕೊಂಡರೆ ಸಾಲು ಬಸ್ಸುಗಳು ಸುಟ್ಟುಹೋಗುತ್ತವೆ. ಟ್ರೈನಿಂಗಿನಲ್ಲಿ ತಲೆಗೆ ಮೊಟಕಿ ಕಲಿಸಿದ ಪಾಠ ಅದು. ಕಂಪ್ಯೂಟರ್ ಕೋಣೆಯಲ್ಲೂ ಸಂಜೆ ಏಳುವಾಗ ನನ್ನ ಕೈ ಬಾಗಿಲ ಪಕ್ಕದ ಮೇನ್ ಸ್ವಿಚ್ಚಿಗೇ ಹೋಗುತ್ತಿತ್ತು. ಮೊದಮೊದಲು ನನ್ನ ಕಂಪ್ಯೂಟರನ್ನೇ ಹಾಗೆ ಕೊಂದು ಮೇಡಂ ಕೈಲಿ ಬೈಸಿಕೊಂಡಿದ್ದೆ. "ಮೊದಲು ಸೇವ್ ಮಾಡಿ, ಆಮೇಲೆ ಶಟ್‌ಡೌನ್ ಕೊಡಿ, ಅದು ಮಲಗಿದ ಮೇಲೆ ಸ್ವಿಚ್ಚು. ಸ್ಟಾಪ್ ಬಂದಾಗಲೆಲ್ಲ ಬಸ್ ನಿಲ್ಲಿಸ್ತೀರಲ್ಲ, ಹಾಗೆ ಪ್ಯಾರಾ ಮುಗಿದಾಗಲೆಲ್ಲ ಸೇವ್ ಮಾಡಿ" ಎಂದು ಮತ್ತೆ ಮತ್ತೆ ಹೇಳಿ ನನ್ನನ್ನು ದಾರಿಗೆ ತಂದಿದ್ದರು.

ದಸರಾ ಹತ್ತಿರವಾಯಿತು. ಕರೆಂಟು ಹೋದರೂ ಮೇಡಂ ಕಂಪ್ಯೂಟರನ್ನು ಆರದಂತೆ ಕಾಯುತ್ತಿದ್ದ ಯುಪಿಎಸ್ ರಿಪೇರಿಗೆ ಹೋಗಿತ್ತು. ಆ ದಿನ ಮೇಡಂ ಬೆಳಗಿನಿಂದ ತಲೆಯೆತ್ತದೆ ದಸರಾ ಸ್ಪೆಷಲ್ ಬಸ್ಸುಗಳ ಏರ್ಪಾಡನ್ನು ಟೈಪ್ ಮಾಡುತ್ತಿದ್ದರು. ಯಾವ ಬಸ್ಸು ಎಲ್ಲಿಂದ ಎಲ್ಲಿಗೆ, ಎಲ್ಲಿ ನಿಲ್ಲಬೇಕು, ಎಲ್ಲವೂ ಸಂಜೆಯೊಳಗೆ ಮೇಲಿನ ಕಚೇರಿಗೆ ಹೋಗಬೇಕಿತ್ತು. ನಡುವೆ ಏನೋ ಕೇಳಲು ಮ್ಯಾನೇಜರ್ ಕೋಣೆಗೆ ಎದ್ದು ಹೋದರು. ನಾನು ನನ್ನ ಅಭ್ಯಾಸ ಮುಗಿಸಿ, ಸೇವ್ ಮಾಡಿ, ಶಟ್‌ಡೌನ್ ಕೊಟ್ಟು, ಅದು ಮಲಗುವವರೆಗೆ ಕಾದು, ಎದ್ದೆ. ಕೋಣೆಯಲ್ಲಿ ಯಾರೂ ಇರಲಿಲ್ಲ, ಮೇಡಂ ಕೆಲಸ ಮುಗಿಸಿ ಹೋದರು ಅಂದುಕೊಂಡೆ. ಊಟದ ಚೀಲ ತೆಗೆದುಕೊಂಡು ಮೇನ್ ಸ್ವಿಚ್ ಆರಿಸಿ ಹೊರಗೆ ಬಂದೆ. ಇವತ್ತು ಎಲ್ಲವನ್ನೂ ಸರಿಯಾಗಿ ಮಾಡಿದೆ ಎಂಬ ಹೆಮ್ಮೆ ಬೇರೆ.

ಅಂಗಳದ ಅರ್ಧಕ್ಕೆ ಬರುವಷ್ಟರಲ್ಲಿ ಹಿಂದಿನಿಂದ ಮೇಡಂ ಕೂಗಿದರು. ಓಡಿ ಹೋದೆ.

"ನನ್ನ ಕಂಪ್ಯೂಟರ್ ಆನ್ ಇತ್ತಲ್ರೀ! ಮಧ್ಯಾಹ್ನದಿಂದ ಹೊಡೆದಿದ್ದು ಒಂದಕ್ಷರಾನೂ ಇಲ್ಲ! ನಿಮಗೆ ಪಾಠ ಹೇಳೋ ನಾನೇ ಸೇವ್ ಮಾಡಿರ್ಲಿಲ್ಲ. ಅಷ್ಟು ದೊಡ್ಡ ಪರದೆ ಬೆಳಗ್ತಾ ಇತ್ತಲ್ಲ, ನಿಮ್ಮ ಪಕ್ಕದಲ್ಲೇ, ಕಾಣ್ಲಿಲ್ವಾ?"

"ಕಾಣ್ಲಿಲ್ಲ ಮೇಡಂ" ಎಂದೆ.

ಹಾಗೆಂದ ಮೇಲೆ ನನ್ನ ಮಾತು ನನಗೇ ಕೇಳಿಸಿತು. ಕೈಚಾಚಿದರೆ ಸಿಗುವಷ್ಟು ಹತ್ತಿರ, ನನ್ನ ಎಡಗಡೆ, ಬೆಳಗುತ್ತಿದ್ದ ಪರದೆ ನನಗೆ ಕಂಡಿರಲಿಲ್ಲ. ಕಿಟಕಿಯ ಎಡಬದಿಯ ಸಿದ್ದರಾಜುವೂ ಒಂದು ದಿನವೂ ಕಂಡಿರಲಿಲ್ಲ. ಇದು ಕಂಪ್ಯೂಟರು, ಹೋದದ್ದು ಅಕ್ಷರ. ಕುವೆಂಪುನಗರದ ತಿರುವಿನಲ್ಲಿ ನನ್ನ ಎಡಕ್ಕೆ ಒಂದು ಸ್ಕೂಟರು ಇದ್ದಿದ್ದರೆ? ಹಿಂದಿನ ಸೀಟಿನಲ್ಲಿ ಸ್ಕೂಲ್ ಬ್ಯಾಗು ಹಾಕಿಕೊಂಡ ಮಗುವಿದ್ದಿದ್ದರೆ? ಬಾಗಿಲ ಚೌಕಟ್ಟು ಹಿಡಿದುಕೊಂಡೆ.

ಮೇಡಂ ಕುರ್ಚಿಯಲ್ಲಿ ಕುಸಿದು ಮುಖ ಮುಚ್ಚಿಕೊಂಡಿದ್ದರು. ಅವರ ಚಿಕ್ಕ ಮಗಳು ಶಿಶುವಿಹಾರದಲ್ಲಿ ಕಾಯುತ್ತಿರುತ್ತಾಳೆ ಎಂದು ನನಗೆ ಗೊತ್ತಿತ್ತು.

"ಅರ್ಧ ನನಗೆ ಕೊಡಿ ಮೇಡಂ" ಎಂದೆ.

ಅವರು ಬೆರಳ ಸಂದಿಯಿಂದ ನನ್ನನ್ನು ನೋಡಿದರು. ಬೇರೆ ದಾರಿಯೂ ಇರಲಿಲ್ಲ. ಕೈಬರಹದ ಹಾಳೆಗಳಲ್ಲಿ ಅರ್ಧವನ್ನು ಎತ್ತಿ ನನ್ನ ಕಡೆ ಸರಿಸಿದರು.

ಎರಡು ಗೀರುಗಳ ಮೇಲೆ ತೋರುಬೆರಳು ಇಟ್ಟೆ. ಹಾಳೆ ನೋಡಿದೆ, ಪರದೆ ನೋಡಿದೆ, ಕೈ ನೋಡಲಿಲ್ಲ. ಕಲಿಯಬಾರದು ಎಂದು ಅಷ್ಟು ದಿನ ಹಟ ಹಿಡಿದು ಕೂತಿದ್ದವನ ಕೈಗೆ ಎಲ್ಲವೂ ಬಂದಿತ್ತು. ಬನ್ನಿಮಂಟಪ, ಅಗ್ರಹಾರ, ಚಾಮುಂಡಿಬೆಟ್ಟ, ನಾನು ತಿರುಗಿದ ಜಾಗಗಳೆಲ್ಲ ಒಂದೊಂದಾಗಿ ಪರದೆಗೆ ಬಂದು ಕೂತವು. ಪ್ಯಾರಾ ಮುಗಿದಾಗಲೆಲ್ಲ ಸೇವ್ ಒತ್ತಿದೆ. ಕಾಲು ಅಲ್ಲಾಡಿತೋ ಇಲ್ಲವೋ ಗಮನವಿಲ್ಲ. ಅಂಗಳದ ದೀಪ ಹತ್ತುವ ಹೊತ್ತಿಗೆ ಎರಡು ಭಾಗವನ್ನೂ ಜೋಡಿಸಿ ಕಳಿಸಿದೆವು. ಮೇಡಂ ಬ್ಯಾಗು ಎತ್ತಿಕೊಂಡು ಓಡುತ್ತಾ ಬಾಗಿಲಲ್ಲಿ ತಿರುಗಿ, "ಗುರುಮಲ್ಲಪ್ಪನೋರೇ, ನಿಮಗೆ ಚೆನ್ನಾಗೇ ಬರುತ್ತಲ್ರೀ! ಇಷ್ಟು ದಿನ ನನ್ನ ಯಾಕೆ ಸತಾಯಿಸಿದ್ರಿ?" ಎಂದರು.

ಕೋಣೆಯಲ್ಲಿ ನಾನೊಬ್ಬನೇ ಉಳಿದೆ. ಅಳು ಬಂತು, ಅತ್ತೆ. ಆಮೇಲೆ ತಲೆಯನ್ನು ಪೂರ್ತಿ ಎಡಕ್ಕೆ ತಿರುಗಿಸಿ, ಮೇಡಂ ಕಂಪ್ಯೂಟರ್ ಆರಿದೆ ಎಂದು ನೋಡಿಕೊಂಡು ಸ್ವಿಚ್ ಆರಿಸಿದೆ.

ಕಣ್ಣಿನ ಎರಡನೆಯ ತಪಾಸಣೆ ಆ ವಾರವೇ ಬಂತು. ಅದೇ ಬಿಳಿ ಬೋಗುಣಿ, ಅದೇ ಗುಂಡಿ. ಕಂಡಾಗ ಮಾತ್ರ ಒತ್ತಿದೆ. ತುಂಬಾ ಹೊತ್ತು ನನ್ನ ಬೆರಳು ಸುಮ್ಮನೇ ಇತ್ತು. ಗುಂಡಿ ಕೆಟ್ಟಿದೆಯಾ ಎಂದು ನರ್ಸಮ್ಮ ಬಂದು ನೋಡಿದರು. "ಇಲ್ಲ ಕಣಮ್ಮ, ಸರಿಯಾಗೇ ಇದೆ" ಎಂದೆ.

ಟೈಪಿಂಗ್ ಪರೀಕ್ಷೆ ಪಾಸಾಯಿತು. ಮ್ಯಾನೇಜರು ಕೈ ಕುಲುಕಿ, "ಇನ್ನು ರಿಟೈರ್ ಆಗೋವರೆಗೂ ಇಲ್ಲೇ, ಚಿಂತೆ ಬಿಡಿ" ಎಂದರು. ಸಂತೋಷಕ್ಕೇ ಹೇಳಿದ ಮಾತು. ನನಗೆ ಮಾತ್ರ ಕಿಟಕಿಯ ಜಾಲರಿ ಇನ್ನಷ್ಟು ಹತ್ತಿರ ಬಂದ ಹಾಗಾಯಿತು.

ಸ್ಪೆಷಲ್ ಬಸ್ಸುಗಳ ಕೆಲಸವಿದ್ದದ್ದರಿಂದ ವಿಜಯದಶಮಿಯ ದಿನವೂ ನಮ್ಮ ಆಫೀಸಿಗೆ ರಜೆ ಇರಲಿಲ್ಲ. ಮಂಗಳ ಹಬ್ಬಕ್ಕೆಂದು ತಂದಿದ್ದ ತಿಳಿನೀಲಿ ಅಂಗಿ ಹಾಕಿಕೊಂಡು ಹೋದೆ. ಖಾಕಿಯನ್ನು ಅವಳು ಹಿಂದಿನ ದಿನವೇ ಮಡಿಸಿ ಬೀರುವಿನ ಕೆಳಗಿನ ಅರೆಯಲ್ಲಿಟ್ಟಿದ್ದಳು, ನಾನೂ ಬೇಡ ಅನ್ನಲಿಲ್ಲ. ಸಂಜೆ ಕೆಲಸ ಮುಗಿಸಿ ಮನೆಗೆ ಹೋಗಲು ಬಸ್ ಹತ್ತಿದೆ. ಊರೆಲ್ಲ ಬನ್ನಿಮಂಟಪದ ಕಡೆ ನುಗ್ಗುತ್ತಿತ್ತು, ಜಂಬೂಸವಾರಿ ನೋಡಿ ಸುಸ್ತಾದವರು ನಮ್ಮ ಬಸ್ಸಿನಲ್ಲಿ ಕಿಕ್ಕಿರಿದಿದ್ದರು. ಖಾಕಿಯಲ್ಲಿದ್ದಾಗ ಸೀದಾ ಮುಂದೆ ಹೋಗಿ ಡ್ರೈವರ್ ಪಕ್ಕ ನಿಲ್ಲುತ್ತಿದ್ದವನು ಅವತ್ತು ನಡುವೆ ಸಿಕ್ಕಿಕೊಂಡು ಮೇಲಿನ ಕಂಬಿ ಹಿಡಿದಿದ್ದೆ. ಹಿಂದಿನಿಂದ ಯಾರೋ ಎಡಭುಜ ತಟ್ಟಿದರು.

"ಸಾರ್, ಟಿಕೆಟ್. ಎಲ್ಲಿಗೆ ಸಾರ್?"

ದನಿ ಗೊತ್ತಾಯಿತು. ತಲೆಯನ್ನು ಪೂರ್ತಿ ತಿರುಗಿಸಿದೆ. ಸಿದ್ದರಾಜು. ಟಿಕೆಟ್ ಮಿಷನ್ನಿನ ಮೇಲೆ ಬೆರಳಿಟ್ಟುಕೊಂಡು ನಿಂತಿದ್ದವನು ನನ್ನ ಮುಖ ನೋಡಿದ, ಅಂಗಿ ನೋಡಿದ. ಮಿಷನ್ನಿನಿಂದ ಕೈ ತೆಗೆದು ನನ್ನ ಭುಜದ ಮೇಲಿಟ್ಟ.

"ಅಯ್ಯೋ, ನೀನಾ ಅಣ್ಣ... ಹಿಂದ್ಗಡಿಂದ ಗೊತ್ತಾಗ್ನಿಲ್ಲ ಕಣಣ್ಣ."

"ಮನೆಗೆ ಕಣೋ, ದಟ್ಟಗಳ್ಳಿಗೆ" ಎಂದೆ. "ನಿನ್ನ ಡ್ರೈವರ್ ಕಾಯ್ತಾ ಇದ್ದಾನೆ ನೋಡು, ರೈಟ್ ಕೊಡು."

ಅವನು ನನ್ನ ಭುಜದ ಮೇಲಿಟ್ಟ ಕೈ ತೆಗೆಯದೆ, ಜನರ ತಲೆಗಳ ಮೇಲಿಂದ ಮುಂದೆ ನೋಡುತ್ತಾ, "ರೈಟ್" ಎಂದು ಕೂಗಿದ. ನನ್ನ ಎಡಗಾಲು ಮೆಲ್ಲಗೆ ಮೇಲೆದ್ದಿತು. ಬಸ್ಸು ಹೊರಟಿತು. ಅದನ್ನು ಹೊರಡಿಸಿದವನು ಬೇರೆ ಯಾರೋ.